ಸುಣ್ಣಕಲ್ಲಿನ ಬೆಟ್ಟದಲ್ಲಿ ಒಂದು ಬಣ್ಣ ಹುಡುಕಿ

ಹೊರಡುವ ಮುನ್ನ

ದುಬೈಗೆ ಹೋಗಿ ಬಂದೆ ಎಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಆ ಎತ್ತರದ ಕಟ್ಟಡ ಹತ್ತಿದಿರಾ, ಬಂಗಾರ ತಂದಿರಾ. ಎರಡೂ ಇಲ್ಲ. ನಾನು ಹೋದದ್ದು ಒಂದು ಹೂವಿನ ಬಣ್ಣ ನೋಡಲು. ಹಾಗೆಂದರೆ ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ಊಟ ಆಯಿತೇ ಎಂದು ಮಾತು ತಿರುಗಿಸುತ್ತಾರೆ. ಹತ್ತು ಜನರಿಗೆ ಹತ್ತು ಸಲ ಹೇಳಿ ಸಾಕಾಗಿದೆ. ಬರೆದುಬಿಟ್ಟರೆ ಒಂದು ಸಲಕ್ಕೆ ಮುಗಿಯುತ್ತದೆ.

ನಾನು ಧಾರವಾಡದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಪಾಠ ಹೇಳುವ ಕೆಲಸವಲ್ಲ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಕಾಂಡಕ್ಕೆ ಹೊಲಿಗೆ ಹಾಕಿ, ಕೆಳಗೆ ಚೀಟಿ ಹಚ್ಚಿ ಕಪಾಟಿನಲ್ಲಿಡುವ ಕೆಲಸ. ಚೀಟಿಯಲ್ಲಿ ಗಿಡದ ಹೆಸರು, ಸಿಕ್ಕ ಜಾಗ, ಎತ್ತರ, ಹೂವಿನ ಬಣ್ಣ, ಸಂಗ್ರಹಿಸಿದವರ ಹೆಸರು ಇರಬೇಕು. ಇವುಗಳಲ್ಲಿ ಬಣ್ಣವೇ ಮುಖ್ಯ. ಎಲೆಯ ಆಕಾರ ಒಣಗಿದ ಮೇಲೂ ಉಳಿಯುತ್ತದೆ, ಬಣ್ಣ ಉಳಿಯುವುದಿಲ್ಲ. ಕೆಂಪಿರಲಿ, ನೀಲಿಯಿರಲಿ, ಕೆಲವು ವರ್ಷಗಳಲ್ಲಿ ಬಹಳಷ್ಟು ಹೂಗಳು ಚಹಾದ ಕಲೆಯಂತಾಗುತ್ತವೆ. ಆದ್ದರಿಂದ ಹೂ ಗಿಡದ ಮೇಲೆ ಜೀವಂತ ಇರುವಾಗ ಕಣ್ಣಾರೆ ಕಂಡವರೇ ಬಣ್ಣ ಬರೆಯಬೇಕು ಎಂಬುದು ನಮ್ಮಲ್ಲಿಯ ನಿಯಮ. ಬಣ್ಣ ಬರೆಯದೆ ಗಿಡ ತಂದ ವಿದ್ಯಾರ್ಥಿಗಳನ್ನು ನಾನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೆ. ನನ್ನ ಹೆಸರು ಶಾಂತಾ. ಹುಡುಗರು ಬೆನ್ನ ಹಿಂದೆ ಬೇರೆ ಹೆಸರು ಇಟ್ಟಿದ್ದರೆಂದು ನನಗೆ ಗೊತ್ತು.

ಇಂಥ ನನ್ನದೇ ಕಪಾಟಿನಲ್ಲಿ ಬಣ್ಣವಿಲ್ಲದ ಒಂದು ಹಾಳೆ ಇತ್ತು. ನಮ್ಮಲ್ಲಿ ಓದಿ ಗಲ್ಫಿಗೆ ಹೋದ ಒಬ್ಬರು, ನಾನು ಕೆಲಸಕ್ಕೆ ಸೇರುವ ಮೊದಲೇ, ಅಬುಧಾಬಿ ಕಡೆಯ ಜಬಲ್ ಹಫೀತ್ ಎಂಬ ಸುಣ್ಣಕಲ್ಲಿನ ಬೆಟ್ಟದಿಂದ ಕಳಿಸಿದ್ದು. ನಾಲ್ಕು ಬೆರಳು ಎತ್ತರದ ಕಾಡುಗಿಡ. ಬೇಸಿಗೆಯಲ್ಲಿ ಸತ್ತಂತೆ ಕಂಡು, ಚಳಿಗಾಲದ ಒಂದೆರಡು ಮಳೆಗೆ ಅದೇ ಬೇರಿನಿಂದ ಮತ್ತೆ ಚಿಗುರುತ್ತ ವರ್ಷಗಟ್ಟಲೆ ಬದುಕುವ ಜಾತಿ. ಲ್ಯಾಟಿನ್ ಹೆಸರು ಬರೆದರೆ ನೀವು ಪುಟ ತಿರುಗಿಸುತ್ತೀರಿ, ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ. ಚೀಟಿಯಲ್ಲಿ ಎಲ್ಲವನ್ನೂ ತುಂಬಿದ್ದ ಪುಣ್ಯಾತ್ಮ, ಹೂವಿನ ಬಣ್ಣ ಎಂಬುದರ ಮುಂದೆ ಮಾತ್ರ ಖಾಲಿ ಬಿಟ್ಟಿದ್ದ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೂರು ಚಿತ್ರ ಸಿಕ್ಕವು, ಮೂರಕ್ಕೂ ಮೂರು ಬಣ್ಣ.

ಈಗ ಕಾಲೇಜಿನವರು ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಏರಿಸಿದ ಮೇಲೆ ಆ ಖಾಲಿ ಜಾಗ ಕಾಯಂ ಆಗಿ ಖಾಲಿಯೇ. ನಿವೃತ್ತಳಾದವಳು ಮತ್ತೆ ಹೋಗಿ, ಆ ಒಂದು ಹಾಳೆಯನ್ನು ನಾನು ಬರುವವರೆಗೆ ತಡೆಹಿಡಿಯಿರಿ ಎಂದು ಬೇಡಿಕೊಂಡೆ. ಹೊಸ ಹುಡುಗಿಯೊಬ್ಬಳು ‘ಒಂದು ಹಾಳೆಗಾಗಿ ದುಬೈಗೆ ಹೋಗ್ತೀರಾ ಮೇಡಂ’ ಎಂದು ನಕ್ಕಳು. ದುಬೈಯಲ್ಲಿರುವ ತಂಗಿ ವಿಜಯಾ ಬಾ ಬಾ ಎಂದು ಎಷ್ಟೋ ವರ್ಷದಿಂದ ಕರೆಯುತ್ತಿದ್ದಳು. ಫೆಬ್ರವರಿಯಲ್ಲಿ ಹತ್ತು ದಿನಕ್ಕೆಂದು ಹೊರಟೆ.

ಸಿಲಿಕಾನ್ ಓಯಸಿಸ್

ಈ ಹೆಸರಿನ ಬಡಾವಣೆಯಲ್ಲಿ ಕಂಪ್ಯೂಟರ್ ಆಫೀಸುಗಳೂ ಅಲ್ಲಿ ಕೆಲಸ ಮಾಡುವವರು ಇರುವ ಕಟ್ಟಡಗಳೂ ಒತ್ತೊತ್ತಾಗಿವೆ. ವಿಜಯಾಳ ಮನೆ ಹದಿನಾಲ್ಕನೆಯ ಮಹಡಿಯಲ್ಲಿ. ಅವಳ ಗಂಡ ಶ್ರೀನಿವಾಸ ಉಡುಪಿ ಕಡೆಯವರು. ಜೊತೆಗೆ ಅವರ ತಾಯಿ, ಎಪ್ಪತ್ತಾರರ ಸುಮತಿ ಅಮ್ಮ.

ಮೊದಲ ದಿನವೇ ಬೆಟ್ಟದ ವಿಷಯ ಎತ್ತಿದೆ. ಇಂಥ ತೆಳು ದಳದ ಹೂಗಳು ಬಿಸಿಲೇರಿದರೆ ಉಳಿಯುವುದಿಲ್ಲ, ಸೂರ್ಯ ಹುಟ್ಟುವಾಗ ಅಲ್ಲಿರಬೇಕು ಎಂದು ಬಿಡಿಸಿ ಹೇಳಿದೆ. ಶ್ರೀನಿವಾಸ ಬಹಳ ಗಮನವಿಟ್ಟು ಕೇಳಿದರು. ಕೇಳಿ, ‘ಹೂ ಅಲ್ವಾ ಅಕ್ಕ? ಅಷ್ಟು ದೂರ ಎಂತಕ್ಕೆ? ಇಲ್ಲೇ ಉಂಟು, ಲಕ್ಷಗಟ್ಟಲೆ’ ಎಂದರು. ಮರುದಿನ ಒಂದು ಹೂದೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹೂಗಳಿಂದ ವಿಮಾನ ಮಾಡಿದ್ದರು, ಆನೆ ಮಾಡಿದ್ದರು, ಮನೆ ಮಾಡಿದ್ದರು. ಹೂವನ್ನು ಹೂವಾಗಿ ಮಾತ್ರ ಬಿಟ್ಟಿರಲಿಲ್ಲ. ಗಿಡದ ಹೆಸರು ಬರೆದ ಫಲಕಕ್ಕಾಗಿ ನಾನು ಸುತ್ತಾಡಿದೆ. ಇದ್ದ ಫಲಕಗಳೆಲ್ಲ ಎಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದು ಹೇಳುವಂಥವು.

ಅದರ ಮಾರನೆಯ ದಿನ ಮಾಲ್. ಅಲ್ಲಿ ಮೂರು ಮಹಡಿಯಷ್ಟು ಎತ್ತರಕ್ಕೆ ಬಳ್ಳಿ ಹಬ್ಬಿದ ಗೋಡೆ. ಮುಟ್ಟಿದೆ, ಪ್ಲಾಸ್ಟಿಕ್ಕು. ಮುಂದೆ ಇನ್ನೊಂದು ಗೋಡೆ. ಇದೂ ಪ್ಲಾಸ್ಟಿಕ್ಕು ಎಂದು ಒಂದು ಎಲೆಯನ್ನು ಜೋರಾಗಿ ಎಳೆದೆ, ಹರಿದು ಕೈಗೆ ಬಂತು. ಮೂವತ್ತೊಂದು ವರ್ಷ ಎಲೆ ಮುಟ್ಟಿ ಬದುಕಿದ ನನ್ನ ಬೆರಳಿಗೇ ಈ ಊರು ಮೋಸ ಮಾಡಿತಲ್ಲ ಎಂದು ತಲೆ ಚಿಟ್ಟು ಹಿಡಿಯಿತು. ಬೆಟ್ಟ ಯಾವಾಗ ಎಂದರೆ ವೀಕೆಂಡಿಗೆ ಎಂದರು ಶ್ರೀನಿವಾಸ. ಇಲ್ಲಿಯ ಕನ್ನಡಿಗರ ಬಾಯಲ್ಲಿ ಮದುವೆ, ಮುಂಜಿ, ಡಾಕ್ಟರು, ದೇವರು ಎಲ್ಲವೂ ವೀಕೆಂಡಿಗೇ ಇರುತ್ತವೆ.

ಮನೆಯಲ್ಲಿ ನನ್ನಷ್ಟೇ ಸಿಡಿಮಿಡಿಯಲ್ಲಿದ್ದವರು ಸುಮತಿ ಅಮ್ಮ. ಅವರ ಕೊರಗೂ ಹೂವಿನದೇ. ಉಡುಪಿಯಲ್ಲಿದ್ದಾಗ ಬೆಳಿಗ್ಗೆ ಎದ್ದು ಬುಟ್ಟಿ ಹಿಡಿದು ಅಂಗಳಕ್ಕಿಳಿದರೆ ತಮ್ಮ ಮನೆಯ ದಾಸವಾಳ, ನಂದಿಬಟ್ಟಲು ಮುಗಿಸಿ, ಪಕ್ಕದ ಮನೆಯವರು ಏಳುವುದರೊಳಗೆ ಅವರ ಬೇಲಿಯನ್ನೂ ಮುಗಿಸಿ ಬರುತ್ತಿದ್ದರಂತೆ. ಇಲ್ಲಿಗೆ ಬಂದ ಹೊಸತರಲ್ಲಿ ಕೆಳಗಿನ ಉದ್ಯಾನದ ಕಣಗಲೆಗೆ ಕೈ ಹಾಕಿದ್ದಾರೆ. ಸೆಕ್ಯುರಿಟಿಯವನು ನೋಡಿದ್ದಾನೆ. ಕಟ್ಟಡದವರಿಂದ ಮಗನಿಗೆ ಮೆಸೇಜು ಬಂದು, ಮಗ ಕ್ಷಮೆ ಕೇಳಿ, ತಾಯಿಯಿಂದ ಇನ್ನು ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಾರೆ. ಆರು ವರ್ಷದಿಂದ ದೇವರಿಗೆ ಫ್ರಿಜ್ಜಿನ ಹೂವೇ ಗತಿ. ಇದನ್ನು ಅವರು ದಿನಾ ಬೆಳಿಗ್ಗೆ, ನಾನೇನೋ ತೀರ್ಪು ಕೊಡಲು ಬಂದವಳೆಂಬಂತೆ, ಮೊದಲಿನಿಂದ ಹೇಳುತ್ತಿದ್ದರು. ನನಗೆ ನನ್ನ ಹೂವಿನ ಚಿಂತೆ. ಹೂಂ ಹೂಂ ಎಂದು ಕೇಳಿದ್ದನ್ನೇ ಕೇಳಿದೆ.

ಬರ್ ದುಬೈ

ವೀಕೆಂಡು ಬಂತು. ಇಲ್ಲಿ ಶನಿವಾರ ಮತ್ತು ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ನನ್ನ ವಿಮಾನ. ಶನಿವಾರ ಬೆಟ್ಟ ಎಂದು ಶ್ರೀನಿವಾಸ ಒಪ್ಪಿದ್ದರು. ಆದರೆ ಅಂದು ಸಂಕಷ್ಟಿ ಎಂದು ಸುಮತಿ ಅಮ್ಮನಿಗೆ ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ. ಸಂಕಷ್ಟಿಗೆ ತಾಜಾ ಹೂವಿಲ್ಲದಿದ್ದರೆ ಹೇಗೆ? ಬೆಟ್ಟ ಭಾನುವಾರಕ್ಕೆ ಹೋಯಿತು, ನಾವು ಬರ್ ದುಬೈಗೆ ಹೋದೆವು.

ಸಮುದ್ರದ ನೀರು ಊರೊಳಗೆ ಹೊಕ್ಕ ಖಾಡಿಯ ದಂಡೆಯ ಹಳೆಯ ಪೇಟೆ ಅದು. ಬಟ್ಟೆ ಅಂಗಡಿಗಳನ್ನು ದಾಟಿ ದೇವಸ್ಥಾನದ ಓಣಿಗೆ ಹೊಕ್ಕರೆ ಅರಿಸಿನ, ಕುಂಕುಮ, ತೆಂಗಿನಕಾಯಿ, ವಿಮಾನದಲ್ಲಿ ಬಂದ ಮಲ್ಲಿಗೆ. ನಮ್ಮ ಧಾರವಾಡದ ಸುಭಾಸ ರೋಡಿನಲ್ಲಿ ಹೂವು ತಗೊಳ್ಳಲು ಎರಡು ನಿಮಿಷ ಸಾಕು. ಸುಮತಿ ಅಮ್ಮ ಐದು ಅಂಗಡಿಗಳಲ್ಲಿ ಒಂದೊಂದು ಮಾಲೆಯನ್ನೂ ಕಣ್ಣಿನ ಹತ್ತಿರ ಹಿಡಿದು, ತೊಟ್ಟು ತಿರುವಿ, ಇದು ಮೊನ್ನೆಯದ್ದು, ಇದು ಐಸಿನಲ್ಲಿಟ್ಟದ್ದು, ಇದಕ್ಕೆ ನೀರು ಹೊಡೆದಿದ್ದಾರೆ ಎಂದು ವಾಪಸು ಇಡುತ್ತ ಹೋದರು. ಮಲಯಾಳಿ ಅಂಗಡಿಯವನೊಬ್ಬ ಕೊನೆಗೆ ಕೈಮುಗಿದ. ಅಲ್ಲಿಂದ ಹೊರಟು, ಬಂದದ್ದೇ ಬಂದೆವು ಎಂದು ಶ್ರೀನಿವಾಸ ಮರದ ದೋಣಿಯಲ್ಲಿ ಖಾಡಿ ದಾಟಿಸಿದರು, ಆಚೆಯಿಂದ ಈಚೆಗೆ ಮತ್ತೆ ದಾಟಿಸಿದರು. ದೋಣಿಯಲ್ಲಿ ಎಲ್ಲರ ಮುಖದಲ್ಲೂ ತಂಗಾಳಿಯ ಸುಖ. ನಾನೊಬ್ಬಳು ಕೈಗಡಿಯಾರ ನೋಡುತ್ತ ಕೂತಿದ್ದೆ.

ಅಲ್ ಐನ್ ದಾರಿ

ಭಾನುವಾರ ಐದಕ್ಕೆ ಹೊರಡುವುದೆಂದು ಮಾತಾಗಿತ್ತು. ನಾನು ನಾಲ್ಕಕ್ಕೆ ಸ್ನಾನ ಮಾಡಿ, ಭೂತಗನ್ನಡಿ, ಪೆನ್ಸಿಲು, ಖಾಲಿ ಚೀಟಿಗಳನ್ನು ಚೀಲಕ್ಕೆ ಹಾಕಿ ಸೋಫಾದ ಮೇಲೆ ಕೂತೆ. ಐದೂವರೆಗೆ ವಿಜಯಾ ಎದ್ದು ಇಡ್ಲಿಗೆ ಇಟ್ಟಳು. ಬೆಟ್ಟದ ಮೇಲೆ ತಿನ್ನಲು ಚಟ್ನಿ ಬೇಕು, ಚಟ್ನಿಗೆ ಒಗ್ಗರಣೆ ಬೇಕು. ಸುಮತಿ ಅಮ್ಮನ ಪೂಜೆ ಅರ್ಧಕ್ಕೆ ನಿಲ್ಲುವಂತಿಲ್ಲ. ಶ್ರೀನಿವಾಸ ಕೆಳಗೆ ಹೋಗಿ ಕಾರಿನ ಟಯರಿಗೆ ಗಾಳಿ ಕಡಿಮೆ ಎಂದು ಬಂದರು. ಹೊರಟಾಗ ಏಳೂ ಕಾಲು. ಆಗಲೇ ಕಾರಿನ ಗಾಜಿಗೆ ಬಿಸಿಲು ಬಿದ್ದಿತ್ತು. ಇವರನ್ನು ಬೈಯುವಂತಿಲ್ಲ, ಇವರದೇ ಇಡ್ಲಿ ತಿನ್ನಬೇಕು. ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ.

ನಾನು ಬರುವ ಹಿಂದಿನ ವಾರ ಮಳೆಯಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ, ಆದರೆ ಇಲ್ಲಿ ಅಷ್ಟಕ್ಕೇ ರಸ್ತೆಗಳಲ್ಲಿ ನೀರು ನಿಂತಿತ್ತಂತೆ. ಮೂವರೂ ಅದನ್ನು ಬೈದರು. ಆ ಮಳೆಯನ್ನು ಹರಸಿದವಳು ನಾನೊಬ್ಬಳೇ, ಯಾಕೆಂದರೆ ಅದಿಲ್ಲದೆ ನನ್ನ ಗಿಡಕ್ಕೆ ಹೂವಿಲ್ಲ. ಮರಳಿನ ನಡುವಿನ ಆ ನೇರ ದಾರಿಯಲ್ಲಿ ಫೋನು ತೆಗೆದು ನನ್ನ ಒಣಹಾಳೆಯ ಚಿತ್ರವನ್ನು ಎಲ್ಲರಿಗೂ ತೋರಿಸಿದೆ. ‘ಹೂವಿನ ಬಣ್ಣ ನನಗ ಗೊತ್ತಿಲ್ಲ, ಅದಕ್ಕ ಎಲಿ ನೋಡ್ರಿ. ಈ ಎಲಿ ಎಲ್ಲೆರ ಕಂಡ್ರ ನನಗ ಹೇಳ್ರಿ’ ಎಂದೆ. ಸುಮತಿ ಅಮ್ಮ ಕನ್ನಡಕ ಏರಿಸಿ, ಫೋನನ್ನು ಬಹಳ ಹೊತ್ತು ಹಿಡಿದುಕೊಂಡು ನೋಡಿದರು.

ಜಬಲ್ ಹಫೀತ್

ಅಲ್ ಐನ್ ಊರು ದಾಟಿದರೆ ಬಯಲಿನಿಂದ ಒಮ್ಮೆಲೇ ಎದ್ದ ಬೆಟ್ಟ. ಬೂದು, ಬಿಳಿ, ಅಲ್ಲಲ್ಲಿ ಹಳದಿ. ಒಂದು ಮರ ಇಲ್ಲ. ತುದಿಯವರೆಗೂ ಡಾಂಬರು ರಸ್ತೆ, ತಿರುವಿಗೊಂದು ಕಾರು ನಿಲ್ಲಿಸುವ ಜಾಗ. ನಾವು ಮೇಲಿನ ಒಂದು ತಾಣದಲ್ಲಿ ಇಳಿದಾಗ ಒಂಬತ್ತಾಗಿತ್ತು. ಆದರೂ ಎದೆಯಲ್ಲಿ ಆಸೆ ಹುಟ್ಟಿತು, ಏಕೆಂದರೆ ಪಡುವಣ ಮಗ್ಗುಲು ಇನ್ನೂ ನೆರಳಲ್ಲಿತ್ತು. ಅಲ್ಲಿ ಬಂಡೆ ಮುಟ್ಟಿದರೆ ತಣ್ಣಗಿತ್ತು.

ಶ್ರೀನಿವಾಸರಿಗೆ ಆಫೀಸಿನ ಫೋನು ಬಂತು. ವಿಜಯಾ ವಿಡಿಯೋ ಮಾಡಲು ಹೋದಳು. ನಾನು ಮಂಡಿನೋವಿನ ಕಾಲು ಎಳೆದುಕೊಂಡು ಬಲಗಡೆಯ ಬಂಡೆಗಳ ಬಿರುಕು ಬಿರುಕಿಗೂ ಕಣ್ಣು ಹಾಕುತ್ತ ಹೊರಟೆ. ಹುಲ್ಲು ಸಿಕ್ಕಿತು, ಮುಳ್ಳು ಸಿಕ್ಕಿತು, ಚಿಪ್ಸಿನ ಖಾಲಿ ಪೊಟ್ಟಣ ಸಿಕ್ಕಿತು.

ಆ ಬದಿಯಲ್ಲಿ ಕಂಬಳಿ ಹಾಸಿ ಒಂದು ಅರಬ್ ಕುಟುಂಬ ಕೂತಿತ್ತು. ಹಿರಿಯಾಕೆಯ ಹಣೆ, ಮೂಗು ಮುಚ್ಚುವಂತೆ ಹಳೆಯ ಕಾಲದ ಹೊಳಪಿನ ಮುಖಪಟ್ಟಿ. ನಾನು ಬಗ್ಗಿ ಬಗ್ಗಿ ಹುಡುಕುವುದನ್ನು ನೋಡಿ, ಏನು ಕಳೆದುಕೊಂಡೆ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲಿಯ ಕೆಲವು ಹಳಬರಿಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತದೆ. ಫೋನಿನ ಚಿತ್ರ ತೋರಿಸಿದೆ. ಆಕೆಗೆ ಗುರುತು ಸಿಕ್ಕಿತು. ಮಳೆಯಾದ ಮೇಲೆ ಬರುತ್ತದೆ, ಬೆಳಿಗ್ಗೆ ಅರಳಿ ಬಿಸಿಲು ತಾಗಿದರೆ ಮುಗಿಯಿತು, ಕೂತುಕೋ ಹೇಳುತ್ತೇನೆ ಎಂದು ಪಕ್ಕದಲ್ಲಿ ಜಾಗ ಮಾಡಿದರು. ಹೂವಿನ ಸುಳಿವು ಗೊತ್ತಿರುವವರು ಕೂತುಕೋ ಎಂದರೆ ಕೂರದೆ ಇರುವುದು ಹೇಗೆ?

ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಉದ್ದ ಮೂತಿಯ ಹೂಜಿಯಿಂದ ಎರಡು ಗುಟುಕು ಕಾಫಿ ಬಗ್ಗಿಸಿದರು. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ, ಕಷಾಯದ ಬಣ್ಣದ ಕಾಫಿ. ಜೊತೆಗೆ ಖರ್ಜೂರ. ಕುಡಿದೆ. ಮತ್ತೆ ಬಗ್ಗಿಸಿದರು. ಸಾಕು ಎಂದು ಕೈ ಅಡ್ಡ ಹಿಡಿದು ನಕ್ಕೆ, ಅವರೂ ನಕ್ಕು ಬಗ್ಗಿಸಿದರು. ನಮ್ಮಲ್ಲೂ ಹೀಗೇ ಅಲ್ಲವೇ? ಸಾಕು ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ, ಬೇಡವೇ ಬೇಡ ಎಂದವರಿಗೆ ತುಪ್ಪವೂ ಬೀಳುತ್ತದೆ. ಕೊಟ್ಟದ್ದನ್ನು ಬಿಟ್ಟೇಳುವುದು ಅಗೌರವ ಎಂದು ಕಲಿತವಳು ನಾನು. ಆರು ಬಟ್ಟಲು, ಏಳು ಬಟ್ಟಲು. ಈ ನಡುವೆ ಆಕೆ ತಮ್ಮ ಮೊಮ್ಮಕ್ಕಳ ಕಥೆ ಹೇಳಿದರು, ಹಳೆಯ ಕಾಲದಲ್ಲಿ ಈ ಬೆಟ್ಟದಡಿ ಮೇಕೆ ಮೇಯಿಸಿದ ಕಥೆ ಹೇಳಿದರು, ಹೂವು ಆಗಾಗ ಮಾತ್ರ ಬಂತು. ನಾನು ನೆರಳು ಚಿಕ್ಕದಾಗುವುದನ್ನು ನೋಡುತ್ತ ಒಳಗೊಳಗೇ ಬೇಯುತ್ತಿದ್ದೆ.

ಕೊನೆಗೆ ವಿಜಯಾ ಬಂದಳು. ನೋಡಿ ನಗಲು ಶುರು ಮಾಡಿದಳು. ‘ಅಕ್ಕಾ, ಬಟ್ಟಲಾ ಒಂಚೂರು ಅಲ್ಲಾಡಿಸಿ ಕೊಡು. ಇಲ್ಲಾಂದ್ರ ಸಂಜೀತನಾ ಹಾಕ್ತಾರ’ ಎಂದಳು. ಅಲ್ಲಾಡಿಸಿದೆ. ಹಿರಿಯಾಕೆ ತಟ್ಟನೆ ಹೂಜಿ ಕೆಳಗಿಟ್ಟು, ಎಡಗಡೆ ರಸ್ತೆಯಂಚಿನ ಕಬ್ಬಿಣದ ಕಟಾಂಜನದ ಆಚೆ, ಸೊಂಟದೆತ್ತರದ ಬಂಡೆಯ ಬಿರುಕಿನತ್ತ ಕೈ ತೋರಿಸಿದರು. ಪಾಪ, ಆಕೆ ನಾನು ಬಾಯಾರಿ ಬಂದವಳೆಂದು ತಿಳಿದಿದ್ದರು. ಬಟ್ಟಲು ಮೊದಲೇ ಅಲ್ಲಾಡಿಸಿದ್ದರೆ ಮುಕ್ಕಾಲು ಗಂಟೆ ಮೊದಲೇ ಆ ಕೈ ನನಗೆ ಕಾಣುತ್ತಿತ್ತು.

ಓಡುವಂತೆ ನಡೆದೆ. ಬಿರುಕು ಸಿಕ್ಕಿತು. ಗಿಡವೂ ಸಿಕ್ಕಿತು. ಅದೇ ಬೂದು ಹಸಿರಿನ ಸಣ್ಣ ಎಲೆ, ಅದೇ ನಾಲ್ಕು ಬೆರಳು ಎತ್ತರ. ಮೂವತ್ತೊಂದು ವರ್ಷ ಹಾಳೆಯ ಮೇಲೆ ಚಪ್ಪಟೆಯಾಗಿ ಮಲಗಿದ್ದನ್ನೇ ನಾನು ಕಂಡ ಗಿಡ ಇಲ್ಲಿ ಗಾಳಿಗೆ ಅಲುಗುತ್ತಿತ್ತು. ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಂಡು ಭೂತಗನ್ನಡಿ ಹಿಡಿದೆ. ತೊಟ್ಟುಗಳಿದ್ದವು, ಹೂಗಳಿರಲಿಲ್ಲ. ಪ್ರತಿ ತೊಟ್ಟೂ ತುದಿಯಲ್ಲಿ ಹಸಿಯಾಗಿ, ಉಗುರಿನಿಂದ ಚಿವುಟಿದಂತಿತ್ತು. ಅಕ್ಕಪಕ್ಕದ ಎರಡು ಗಿಡಗಳಲ್ಲಿ ಮೊಗ್ಗೂ ಇರಲಿಲ್ಲ.

ತಿರುಗಿ ನೋಡಿದರೆ ಸುಮತಿ ಅಮ್ಮ ಕಾರಿನ ಹತ್ತಿರ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಆರು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ತೃಪ್ತಿ ಇದ್ದಿರಬೇಕು. ಭೂತಗನ್ನಡಿ ಹಿಡಿದುಕೊಂಡೇ ಅವರತ್ತ ನಡೆದೆ.

‘ಏನ್ ಮಾಡಿದ್ರೀ ಅಮ್ಮಾ? ಎಲ್ಲಾ ಹರಕೊಂಡ್ರ್ಯಾ? ಒಂದರ ಬಿಡಬಾರದೇನ್ರೀ?’

‘ಗಣಪತಿಗೆ ಇಟ್ಟಿದ್ದೇನೆ. ಸರಿಯಾಗಿ ಹನ್ನೊಂದು ಇತ್ತು’ ಎಂದರು ಅವರು. ‘ನೀವು ಎಲೆ ಅಲ್ವಾ ಹುಡುಕಲಿಕ್ಕೆ ಹೇಳಿದ್ದು? ಎಲೆ ಒಂದೂ ಮುಟ್ಟಲಿಲ್ಲ ನಾನು.’

ಕಾರಿನ ಬಾಗಿಲು ತೆಗೆದೆ. ಸ್ಟಿಯರಿಂಗಿನ ಮುಂದೆ ಅಂಟಿಸಿದ್ದ ಪುಟ್ಟ ಗಣಪತಿಯ ಪಾದದಲ್ಲಿ ಹೂಗಳಿದ್ದವು. ಕಾರು ಬಿಸಿಲಿಗೆ ಮುಖ ಮಾಡಿ, ಗಾಜು ಮುಚ್ಚಿ ನಿಂತಿತ್ತು. ಅಷ್ಟು ತೆಳು ದಳಗಳು ಆ ಕಾವಿಗೆ ಮುದುಡಿ, ಕಂದಿ, ದಾರದ ತುಣುಕುಗಳಂತೆ ಬಿದ್ದಿದ್ದವು. ಇಷ್ಟು ದೂರ ಬಂದು ನೋಡಿದ್ದು ನನ್ನ ಕಪಾಟಿನಲ್ಲಿರುವ ಅದೇ ಚಹಾದ ಕಲೆಯನ್ನು.

ವಾಪಸು

ಕಾರು ದುಬೈ ಕಡೆ ತಿರುಗಿತು. ಇಡ್ಲಿಯ ಡಬ್ಬಿ ತೆರೆಯಲೇ ಇಲ್ಲ. ಮುಂದಿನ ವರ್ಷ ಬಂದರಾಯಿತು ಅಕ್ಕ ಎಂದು ಶ್ರೀನಿವಾಸ ಒಮ್ಮೆ ಹೇಳಿ, ನಾನು ನೋಡಿದ ರೀತಿಗೆ ಕಣ್ಣನ್ನು ರಸ್ತೆಗೆ ತಿರುಗಿಸಿದರು. ನಾನು ನಾಚಿಕೆ ಬಿಟ್ಟು ಅತ್ತೆ. ಮುಂದಿನ ವರ್ಷ ಹಾಳೆ ಕಂಪ್ಯೂಟರಿನಲ್ಲಿರುತ್ತದೆ, ಖಾಲಿ ಜಾಗದ ಜೊತೆಗೆ. ವಿಜಯಾ ತನ್ನ ಅತ್ತೆಗೆ ಮೆಲ್ಲಗೆ ವಿಷಯ ಬಿಡಿಸಿ ಹೇಳಿದಳು, ಅಕ್ಕ ಬಂದದ್ದು ಎಲೆಗಲ್ಲ, ಬಣ್ಣಕ್ಕೆ ಎಂದು. ಒಂದಷ್ಟು ದೂರ ಹೋದ ಮೇಲೆ ಸುಮತಿ ಅಮ್ಮ ಬಾಯಿ ಬಿಟ್ಟರು.

‘ಬಣ್ಣ ಬೇಕಾದ್ದಾ? ಬಣ್ಣ ನಾನು ಹೇಳ್ತೇನೆ.’

ಹಾಗೆಲ್ಲ ಆಗುವುದಿಲ್ಲ, ಗಿಡದ ಮೇಲಿರುವಾಗ ಕಣ್ಣಾರೆ ಕಂಡಿರಬೇಕು ಎಂದು ನಾನು ಒರಟಾಗಿಯೇ ಹೇಳಿದೆ.

‘ನನ್ನದು ಮತ್ತೆ ಎಂತ, ಕಣ್ಣಲ್ವಾ?’

ಸಿಟ್ಟಿನಲ್ಲಿಯೇ ಪೆನ್ಸಿಲು ತೆಗೆದು, ಹೇಳ್ರಿ ಎಂದೆ. ಅವರು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು. ದಳ ಐದು, ಒಂದು ಹೂವಿಗೆ ಮಾತ್ರ ಆರು, ಅದನ್ನೇ ಮೊದಲು ಕೊಯ್ದದ್ದು. ಎಳೆ ಬದನೆಕಾಯಿಯ ತೊಟ್ಟು ಸರಿಸಿದರೆ ಅದರಡಿ ಬಿಸಿಲು ಕಾಣದ ಒಂದು ತಿಳಿ ನೇರಳೆ ಇರುತ್ತದಲ್ಲ, ಆ ಬಣ್ಣ. ಒಳಗೆ ದಳಕ್ಕೆ ಮೂರರಂತೆ ಗೆರೆ, ಗೆರೆ ಮಾತ್ರ ಕಡು. ಗಂಟಲ ಹತ್ತಿರ ಬಿಳಿ, ಹಾಲಿನ ಬಿಳಿಯಲ್ಲ, ಅಕ್ಕಿ ತೊಳೆದ ನೀರಿನದ್ದು. ಹಿಂಬದಿಗೆ ಸಣ್ಣ ರೋಮ. ಕೆಲವು ಹೂಗಳ ಅಂಚು ಮಾಸಿತ್ತು, ಅವು ಬೇಗ ಅರಳಿದವು. ಪರಿಮಳ ಇಲ್ಲ.

ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳನ್ನು ಕೇಳುವಂತೆ ತಿರುಗಿಸಿ ಮುರುಗಿಸಿ ಕೇಳಿದೆ. ಗೆರೆ ಅಂಚಿನವರೆಗೂ ಇತ್ತೇ? ಇಲ್ಲ, ಅರ್ಧಕ್ಕೆ ನಿಂತಿತ್ತು. ದಳದ ಹಿಂದೆಯೂ ಬಿಳಿಯೇ? ಅಲ್ಲ, ಹಿಂದೆ ತುಸು ಹಸಿರು. ಅರ್ಧ ಗಂಟೆಯಾದರೂ ಒಂದು ಮಾತೂ ಮೊದಲಿನದಕ್ಕೆ ತಪ್ಪಲಿಲ್ಲ. ನನ್ನ ಕೈಯಲ್ಲಿ ಹಾದುಹೋದ ವಿದ್ಯಾರ್ಥಿಗಳೆಲ್ಲ ಹಳದಿ, ಬಿಳಿ, ನೇರಳೆ ಎಂದು ಒಂದೊಂದೇ ಪದ ಗೀಚಿ ಕೊಟ್ಟವರು. ನಾನೂ ಅದನ್ನೇ ಸಾಕೆಂದು ಒಪ್ಪಿಕೊಂಡವಳು. ಒಂದು ಹೂವನ್ನು ಇಷ್ಟು ನೋಡಿದವರನ್ನು ನಾನು ಕಂಡಿರಲಿಲ್ಲ. ಅದು ನನ್ನ ಹೂವನ್ನೇ ಕಿತ್ತವರ ಬಾಯಿಂದ ಬಂತಲ್ಲ ಎಂಬ ಸಂಕಟ ಮಾತ್ರ ಹಾಗೇ ಇತ್ತು.

ಮನೆಗೆ ಬಂದು ಊಟದ ಮೇಜಿನ ಮೇಲೆ ಹೊಸ ಚೀಟಿ ಇಟ್ಟುಕೊಂಡು ಕೂತೆ. ನಮ್ಮ ಚೀಟಿಗಳು ಇಂಗ್ಲಿಷಿನಲ್ಲಿರುತ್ತವೆ. ಎಳೆ ಬದನೆಯ ತೊಟ್ಟಿನಡಿಯ ಬಣ್ಣಕ್ಕೆ ನನಗೆ ಇಂಗ್ಲಿಷ್ ಗೊತ್ತಿಲ್ಲ. ಕನ್ನಡದಲ್ಲಿಯೇ ಬರೆದೆ. ಬಣ್ಣಕ್ಕೆ ಬಿಟ್ಟ ಗೆರೆ ಸಾಲದೆ ಹಿಂಬದಿಗೂ ಹೋಯಿತು. ನಿಯಮದ ಪ್ರಕಾರ ಕಂಡವರ ಹೆಸರು ಬೇಕು. ಕಂಡವರು: ಸುಮತಿ ಅಮ್ಮ, ಉಡುಪಿ ಎಂದು ಒಲ್ಲದ ಮನಸ್ಸಿನಿಂದಲೇ ಬರೆದೆ, ಸುಳ್ಳು ಹೇಳುವುದಿಲ್ಲ.

ಸುಮತಿ ಅಮ್ಮ ಪಕ್ಕದಲ್ಲಿ ಬಂದು ಕೂತು, ಏನು ಬರೆದಿರಿ ಓದಿ ಎಂದರು. ಓದಿದೆ. ಬಣ್ಣದ ಸಾಲುಗಳಿಗೆಲ್ಲ ತಲೆಯಾಡಿಸಿದರು. ಕೊನೆಯ ಸಾಲಿಗೆ ಬಂದಾಗ ಚೀಟಿಯ ಮೇಲೆ ಬೆರಳಿಟ್ಟರು.

‘ಕಂಡವರು ಅಂತ ಬೇಡ ಶಾಂತಾ, ಬರೀ ಕಂಡು ಬಿಟ್ಟದ್ದಲ್ಲ ನಾನು. ಕೊಯ್ದವರು ಅಂತ ಬರೀರಿ. ಸುಳ್ಳು ಯಾಕೆ?’

ಹೊಡೆದು ಹಾಕಿ, ಕೊಯ್ದವರು ಎಂದು ಬರೆದೆ.